ತಣ್ಣಗೆ ತಂದ ರಕ್ತ

ನನ್ನ ಗಂಡನ ಬಲಗೈಯ ಮೂರು ಬೆರಳುಗಳನ್ನು ತಿಂದದ್ದು ನನ್ನ ಮಾವನ ಅಕ್ಕರೆ. ಕಾಯಿಲೆ ತಿಂದಿತು ಎಂದು ಬೀದಿಯವರು ಹೇಳುತ್ತಾರೆ. ಕಾಯಿಲೆಯೂ ಹೌದು, ಇಲ್ಲ ಎನ್ನುವುದಿಲ್ಲ. ಆದರೆ ಕಾಯಿಲೆಯ ಬಾಯಿಗೆ ಆ ಬೆರಳುಗಳನ್ನು ಇಟ್ಟವರು ಯಾರೆಂದು ನನಗೆ ಗೊತ್ತಿತ್ತು, ನನ್ನ ಗಂಡನಿಗೆ ಗೊತ್ತಿತ್ತು. ಇಟ್ಟವರಿಗೇ ಗೊತ್ತಿರಲಿಲ್ಲ. ಅವರಿಗೆ ಅದನ್ನು ಹೇಳಬೇಕೋ ಬೇಡವೋ ಎಂಬುದೇ ಆ ಚಳಿಗಾಲ ನಮ್ಮ ಮನೆಯ ಜಗಳವಾಗಿತ್ತು.

ಮಾವ ಬಂದರಿನ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿ. ಮೀನು ದೋಣಿಯಿಂದ ಇಳಿದ ಗಳಿಗೆಯಿಂದ ಹಡಗು ಹತ್ತುವವರೆಗೆ ಕೆಡದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಎದುರಿಗೆ ಯಾರು ಬಂದರೂ ಅವರ ಮೊದಲ ಮಾತು "ಒಳಗೆ ಎಷ್ಟು ಡಿಗ್ರಿ ಇದೆ?" ಎಂಬುದು. ಹಾಗಾಗಿ ಕೆಲಸಗಾರರೆಲ್ಲ ಬೆನ್ನ ಹಿಂದೆ ಅವರನ್ನು ಡಿಗ್ರಿ ಎಂದೇ ಕರೆಯುತ್ತಿದ್ದರು. ಮುಖದೆದುರೇ ಕರೆದಿದ್ದರೂ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದರು. ತಣ್ಣೀರನ್ನೂ ಆರಿಸಿ ಕುಡಿಯುವವರನ್ನು ನೀವು ನೋಡಿರಬಹುದು. ನನ್ನ ಮಾವ ಆರಿದ ಮೇಲೂ ಅದರೊಳಗೆ ಎರಡು ತುಂಡು ಮಂಜುಗಡ್ಡೆ ಹಾಕಿ ಕಾಯುವವರು.

ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಬಗೆಯ ವಸ್ತು. ಒಂದು ತಣ್ಣಗಿಟ್ಟದ್ದು, ಇನ್ನೊಂದು ಕೆಟ್ಟದ್ದು. ನಾನು ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಮದುವೆಯ ಮಾತುಕತೆಯಲ್ಲಿ ಅದನ್ನು ಕೇಳಿ ಅವರು, "ಒಂದು ಬಿಸಿ, ಒಂದು ತಣ್ಣಗೆ. ಸಂಸಾರ ಹದವಾಗಿರುತ್ತೆ ಬಿಡಿ" ಎಂದು ನಕ್ಕಿದ್ದರು. ಹದ ಎಲ್ಲಿಂದ ಬರಬೇಕು? ನಾನು ಮಾಡಿದ ಅಡುಗೆ ಒಲೆಯಿಂದ ಇಳಿದು ಉಸಿರು ಬಿಡುವ ಮೊದಲೇ ಫ್ರಿಜ್ಜು ಸೇರುತ್ತಿತ್ತು. ಬದುಕಿದ್ದಾಗ ಅತ್ತೆಯೂ ಇದಕ್ಕೆ ಹಣೆ ಚಚ್ಚಿಕೊಂಡವರೇ ಅಂತೆ. ಅವರು ಸುಮ್ಮನಿದ್ದರು, ನಾನು ಸುಮ್ಮನಿರುವ ಪೈಕಿ ಅಲ್ಲ. ಮಾವನಿಗೂ ನನಗೂ ಮೊದಲ ದಿನದಿಂದ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಗಂಡ ಅದೇ ಕೋಲ್ಡ್ ಸ್ಟೋರೇಜಿನ ಒಳಕೋಣೆಯಲ್ಲಿ, ಅಪ್ಪನ ಕೈಕೆಳಗೆ, ಪೆಟ್ಟಿಗೆ ಜೋಡಿಸುವವನು. ಅವನು ನಮ್ಮಿಬ್ಬರ ನಡುವೆ ಯಾರ ಪಕ್ಷವನ್ನೂ ವಹಿಸದೆ ನಗುತ್ತಾ ಇದ್ದುಬಿಡುತ್ತಿದ್ದ. ಆ ನಗುವಿಗೆ ಮರುಳಾಗಿಯೇ ನಾನು ಅವನನ್ನು ಕಟ್ಟಿಕೊಂಡದ್ದು.

ಮೊದಲು ಬಣ್ಣ ಬದಲಾದದ್ದು ಅವನ ಕಿವಿಯ ತುದಿ. ಒಳಕೋಣೆಯಿಂದ ಹೊರಗೆ ಬಂದಾಗ ಕಿವಿ, ಮೂಗಿನ ತುದಿ, ಬೆರಳ ತುದಿಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತರೆ ಸರಿಹೋಗುತ್ತಿತ್ತು. ಜೊತೆಯವರು "ಏನಯ್ಯಾ, ಶಾಯಿ ಕುಡಿದ್ಯಾ?" ಎಂದು ತಮಾಷೆ ಮಾಡುತ್ತಿದ್ದರು. ಆಮೇಲೆ ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ಬಂತು, ಅದೂ ಒಳಕೋಣೆಯಲ್ಲಿ ಹೆಚ್ಚು ಹೊತ್ತು ಇದ್ದ ದಿನಗಳಲ್ಲಿ. ಕಣ್ಣು ಹಳದಿಯಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಮಾವ ಮೊದಲು ಕೈಗವಸು ಸರಿಯಿಲ್ಲ ಎಂದರು, ದಪ್ಪನೆಯ ಹೊಸ ಕೈಗವಸು ತಂದುಕೊಟ್ಟರು. ಮಗ ನಿದ್ದೆ ಹೋದ ಮೇಲೆ ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಅಕ್ಕರೆಗೆ ನಮ್ಮ ಮನೆಯಲ್ಲಿ ಬರ ಇರಲಿಲ್ಲ. ಅದನ್ನು ಅಲ್ಲಗಳೆದರೆ ನನ್ನ ಬಾಯಲ್ಲಿ ಹುಳ ಬಿದ್ದೀತು.

ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ರಕ್ತ ತೆಗೆಸಿದರು. ಅದು ನಳಿಗೆಯಲ್ಲಿ ಕಾಳುಕಾಳಾಗಿ ಗುಂಪು ಕಟ್ಟಿತು. ನರ್ಸು ತನ್ನ ಕೈಯದೇ ತಪ್ಪು ಅಂದುಕೊಂಡು ಮತ್ತೊಮ್ಮೆ ತೆಗೆದಳು. ಮತ್ತೆ ಅದೇ. ಡಾಕ್ಟರಮ್ಮ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ರಕ್ತದಲ್ಲಿರೋ ಯಾವುದೋ ಆಂಟಿಬಾಡಿ ಕೆಲ್ಸ ಅನ್ಸುತ್ತೆ" ಎಂದರು. "ನಾನು ಓದಿದ್ದೀನಿ ಅಷ್ಟೇ, ಕಣ್ಣಲ್ಲಿ ನೋಡಿಲ್ಲ. ಅದನ್ನ ಹುಡುಕೋದು ದೊಡ್ಡಾಸ್ಪತ್ರೆ ಲ್ಯಾಬಲ್ಲಿ ಮಾತ್ರ. ಬೇರೆ ರಕ್ತ ತೆಗೆದು ಕೊಡ್ತೀನಿ. ಯಾರಾದ್ರೂ ಇವತ್ತೇ ತಲುಪಿಸ್ಬೇಕು. ಹಾಳಾಗ್ದೇ ಇರೋ ಹಾಗೆ ನೋಡ್ಕೊಳ್ಳಿ."

ಹಾಳಾಗದ ಹಾಗೆ! ಆ ಮಾತನ್ನು ಅವರು ಆಡಿದ್ದು ನನ್ನ ಮಾವನ ಮುಂದೆ.

"ಅದರ ಚಿಂತೆ ನನಗೆ ಬಿಡಿ ಡಾಕ್ಟ್ರೇ" ಎಂದು ಮಾವ ಎದೆ ಮುಟ್ಟಿಕೊಂಡರು. "ನಾನು ಸೀಗಡಿನ ಸಮುದ್ರ ದಾಟಿಸಿರೋನು, ಒಂದು ಮೀಸೆ ಉದುರದ ಹಾಗೆ."

ಅವತ್ತು ಅವರು ಆ ನಳಿಗೆಗಳನ್ನು ಕಟ್ಟಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಹಡಗಿನ ಕಪ್ತಾನನ ಮನೆಗೆ ಮೀನು ಕಳಿಸಲು ಇಟ್ಟುಕೊಂಡಿದ್ದ ಒಳ್ಳೆಯ ಪೆಟ್ಟಿಗೆಯನ್ನೇ ತೆಗೆದರು. ಮಂಜುಗಡ್ಡೆಯನ್ನು ಸುತ್ತಿಗೆಯಿಂದ ಹರಳುಪ್ಪಿನಷ್ಟು ಸಣ್ಣಗೆ ಪುಡಿ ಮಾಡಿದರು. ನಳಿಗೆ ನೇರವಾಗಿ ಗಡ್ಡೆಗೆ ತಾಗಬಾರದೆಂದು ಮೊದಲು ಹತ್ತಿ, ಹತ್ತಿಯ ಮೇಲೆ ರಬ್ಬರು, ಅದರ ಸುತ್ತ ಮಂಜು. "ಹೆಪ್ಪುಗಟ್ಟಿದ್ರೆ ಕಣ ಒಡೆಯುತ್ತೆ. ಹೆಪ್ಪುಗಟ್ಟೋಕೆ ಒಂದು ಕೂದಲೆಳೆ ಮೊದಲು ನಿಲ್ಲಿಸ್ಬೇಕು. ಅದೇ ವಿದ್ಯೆ" ಎಂದು ನನಗೆ ಪಾಠ ಮಾಡಿದರು. ಅವರ ಕೈ ಅಷ್ಟು ಮೃದುವಾಗಿ ಓಡಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಕೂರಿಸಿಕೊಂಡು ತಾವೇ ಹೋದರು. ಸಂಜೆ ಮರಳಿ ಬಂದು, "ಗಡ್ಡೆ ಇನ್ನೂ ಅರ್ಧ ಕರಗಿರ್ಲಿಲ್ಲ" ಎಂದು ಊಟಕ್ಕೆ ಕೂತರು. ಅವತ್ತು ನನಗೂ ಅವರ ಮೇಲೆ ಪ್ರೀತಿ ಬಂದಿತ್ತು. ಬಡಿಸುವಾಗ ಒಂದು ಸೌಟು ಹೆಚ್ಚೇ ಹಾಕಿದೆ.

ವರದಿ ಬಂತು. ಅಂಥ ಯಾವ ಆಂಟಿಬಾಡಿಯೂ ಇಲ್ಲ. ಮನೆಯಲ್ಲಿ ಹಬ್ಬದಂಥ ಸಂಭ್ರಮ. ಡಾಕ್ಟರಮ್ಮ ವರದಿಯನ್ನು ಹಿಂದೆ ಮುಂದೆ ತಿರುಗಿಸಿ, "ಹಾಗಾದ್ರೆ ಅದಲ್ಲ" ಎಂದು ಕಬ್ಬಿಣದ ಟಾನಿಕ್ ಬರೆದುಕೊಟ್ಟರು. "ಚಳಿಯಲ್ಲಿ ಕೆಲ್ಸ ಮಾಡ್ಬಹುದಾ?" ಎಂದು ನಾನು ಕೇಳಿದೆ. "ಚಳಿಗೂ ಇದಕ್ಕೂ ಸಂಬಂಧ ಕಾಣ್ತಿಲ್ಲ" ಎಂದರು. ಅವರಾದರೂ ಏನು ಮಾಡಿಯಾರು, ಕೈಯಲ್ಲಿ ವರದಿ ಇತ್ತು. ನನ್ನ ಗಂಡ ಒಳಕೋಣೆಗೆ ಮರಳಿದ.

ಆ ಸಲ ಚಳಿಗಾಲದಲ್ಲಿ ಮೀನು ಭರಪೂರ ಬಂತು. ಬಂದರಿನವರೆಲ್ಲ ಹಿಗ್ಗಿದರು. ಒಳಕೋಣೆಯವರು ಒಂದರ ಮೇಲೊಂದು ಪಾಳಿ ಮಾಡಿದರು. ಅದರ ನಡುವೆ ನನ್ನ ಗಂಡನಿಗೆ ಜ್ವರ ಹಿಡಿಯಿತು. ಜ್ವರದಲ್ಲೂ ಹೋದ. ಪೆಟ್ಟಿಗೆಗಳ ಸಾಲಿನ ನಡುವೆ ಬಿದ್ದವನನ್ನು ಎತ್ತಿಕೊಂಡು ಹೊರಗೆ ತಂದಾಗ ಬಲಗೈಯ ಬೆರಳುಗಳು ಕಪ್ಪಾಗಿದ್ದವು. ಬಿಸಿಲಿಗೆ ಹಿಡಿದರೂ ಈ ಸಲ ಬಣ್ಣ ತಿರುಗಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ರಕ್ತದ ಕಾಯಿಲೆಯ ಡಾಕ್ಟರು ಅವನನ್ನು ಕಂಬಳಿಯಲ್ಲಿ ಸುತ್ತಿಸಿದರು. ಕೊಡುವ ಸಲೈನು, ಕೊಡುವ ರಕ್ತ, ಎಲ್ಲವೂ ಬೆಚ್ಚಗೆ ಮಾಡಿಯೇ ಹೋಗಬೇಕೆಂದರು. ಪರೀಕ್ಷೆಗೆ ರಕ್ತ ತೆಗೆದ ನರ್ಸು ನಳಿಗೆಯನ್ನು ಬಿಸಿನೀರಿನ ಫ್ಲಾಸ್ಕಿನೊಳಗೆ ಇಳಿಬಿಟ್ಟು, ಮುಚ್ಚಳ ಹಾಕಿ, ಲ್ಯಾಬಿನತ್ತ ಓಡಿದಳು. ನಾನು ಅವಳು ಹೋದ ಬಾಗಿಲನ್ನೇ ನೋಡುತ್ತಾ ನಿಂತೆ. ಮಾವ ಪುಡಿ ಮಾಡಿದ ಮಂಜುಗಡ್ಡೆ ಕಣ್ಣ ಮುಂದೆ ಬಂತು.

ಮರುದಿನ ಡಾಕ್ಟರು ಬಂದರು. ಊಟಕ್ಕೆ ಪುರುಸೊತ್ತಿಲ್ಲದ ಮನುಷ್ಯ. ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದುಕೊಂಡೇ ಮಾತಾಡಿದರು.

"ನಮ್ಮ ಮೈಯಲ್ಲಿ ಬಿ ಸೆಲ್ ಅಂತ ಇರ್ತಾವಮ್ಮ. ರೋಗಾಣು ಬಂದ್ರೆ ಅದಕ್ಕೆ ಅಂಟ್ಕೊಂಡು ಹಿಡಿಯೋ ವಸ್ತು ಮಾಡ್ತಾವೆ. ಅದೇ ಆಂಟಿಬಾಡಿ. ಒಂದೊಂದು ಸೆಲ್ಲಿಗೂ ಒಂದೊಂದು ಥರದ್ದು ಮಾಡೋಕೆ ಬರುತ್ತೆ. ಕೆಲ್ಸ ಬಿದ್ದಾಗ ಮಾಡ್ತಾವೆ, ಮುಗಿದ್ಮೇಲೆ ಸಾಯ್ತಾವೆ. ಇವರ ಮೂಳೆಯ ಮಜ್ಜೆಯಲ್ಲಿ ಅಂಥ ಒಂದು ಸೆಲ್ಲು ಕ್ಯಾನ್ಸರಿಗೆ ತಿರುಗಿದೆ. ಸಾಯೋದನ್ನೇ ಮರ್ತಿದೆ. ಒಂದು ಹೋಗಿ ಕೋಟಿ ಆಗಿದೆ, ಕೋಟಿಗೂ ಒಂದೇ ಬುದ್ಧಿ. ಯಾರೂ ಕೇಳ್ದೇ ಇದ್ರೂ ಹಗಲೂ ರಾತ್ರಿ ಒಂದೇ ಆಂಟಿಬಾಡಿ ಮಾಡಿ ರಕ್ತಕ್ಕೆ ಸುರೀತಿದೆ."

"ಕ್ಯಾನ್ಸರ್ ಅಂದ್ರೆ ಗಡ್ಡೆ ಅಲ್ವಾ?" ಎಂದೆ.

"ಇದು ಗಡ್ಡೆ ಕಟ್ಟೋ ಪೈಕಿ ಅಲ್ಲ. ಸುರಿಯೋ ಪೈಕಿ. ಗಡ್ಡೆಗಿಂತ ನಿಧಾನ. ಆದ್ರೆ ಅದು ಸುರಿಯೋ ವಸ್ತು ಇದೆಯಲ್ಲ, ಅದು ರೋಗಾಣು ಬಿಟ್ಟು ಇವರದೇ ಕೆಂಪು ಕಣಗಳಿಗೆ ಅಂಟ್ಕೊಳ್ಳುತ್ತೆ."

ಕೇಳಲಿ ಬಿಡಲಿ ಜೀವಮಾನವಿಡೀ ಒಂದೇ ಮಾತನ್ನು ಸುರಿಯುವವರು ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಎಂದು ನನ್ನ ಮನಸ್ಸಿಗೆ ಬಂತು. ಆದರೆ ಬಾಯಿಂದ ಹೊರಟದ್ದು ಬೇರೆ. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು" ಎಂದೆ.

"ಹೂಂ, ಹಾಗೇ. ಅದರಲ್ಲೂ ಈ ಬೇಲಿಗೆ ಚಳಿ ಆದಾಗ್ಲೇ ಹಸಿವು" ಎಂದರು ಡಾಕ್ಟರು. "ಮೈ ಬೆಚ್ಚಗಿರೋ ಕಡೆ ಸುಮ್ನೆ ತೇಲ್ತಾ ಇರುತ್ತೆ. ಚಳಿ ತಾಗಿದ ಕಡೆ, ಕಿವಿ, ಬೆರಳು, ಅಲ್ಲಿ ಕಣಗಳನ್ನ ಹಿಡ್ಕೊಳ್ಳುತ್ತೆ. ಕಣಗಳು ಗುಂಪು ಕಟ್ಟಿ ರಕ್ತ ಓಡಲ್ಲ. ಆಮೇಲೆ ಒಡೆದು ಮೂತ್ರದಲ್ಲಿ ಹೋಗ್ತಾವೆ. ಇಂಥ ಮನುಷ್ಯನ್ನ ನೀವು ಕೋಲ್ಡ್ ರೂಮಲ್ಲಿ ಇಟ್ಟಿದ್ರಿ."

"ಪರೀಕ್ಷೆ ಮಾಡ್ಸಿದ್ವಲ್ಲ ಸಾರ್, ಇಲ್ಲೇ, ನಿಮ್ಮ ಲ್ಯಾಬಲ್ಲೇ. ಏನೂ ಇಲ್ಲ ಅಂತ ಬಂತು."

ಡಾಕ್ಟರು ಬಿಸ್ಕತ್ತನ್ನು ಕೆಳಗಿಟ್ಟು, ಹಳೆಯ ವರದಿಯನ್ನು ಓದಿ, ಹುಬ್ಬು ಗಂಟಿಕ್ಕಿದರು. "ಎಲ್ಲೋ ತಣ್ಣಗಾಗಿದೆ. ಈ ಪರೀಕ್ಷೆಗೆ ರಕ್ತ ಮೈಯಷ್ಟೇ ಬೆಚ್ಚಗೆ ಬರ್ಬೇಕು. ತಣ್ಣಗಾದ್ರೆ ಆಂಟಿಬಾಡಿ ಪೂರ್ತಿ ಅಲ್ಲೇ ನಳಿಗೆಯೊಳಗೇ ಕಣಗಳಿಗೆ ಅಂಟ್ಕೊಂಡ್ಬಿಡುತ್ತೆ. ಲ್ಯಾಬಿನವ್ರು ಕಣಗಳನ್ನ ತಳಕ್ಕೆ ಕೂರ್ಸಿ ಬಿಸಾಕ್ತಾರೆ, ಮೇಲಿನ ತಿಳಿಯಲ್ಲಿ ಹುಡುಕ್ತಾರೆ. ಸಿಗುತ್ತಾ? ಕಳ್ಳ ಕಸದಬುಟ್ಟೀಲಿ, ಪೊಲೀಸು ನಡುಮನೇಲಿ. ಯಾರು ತಂದ್ಕೊಟ್ರು ಇದನ್ನ?"

ನಾನು ಬಾಯಿ ತೆರೆದೆ. ಕಂಬಳಿಯೊಳಗಿನಿಂದ ನನ್ನ ಗಂಡನ ಎಡಗೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಕಣ್ಣು ಮುಚ್ಚಿ ಮಲಗಿದ್ದಾನೆ ಎಂದುಕೊಂಡಿದ್ದೆ, ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಕ್ಲಿನಿಕ್ಕಿಂದ ಕಳಿಸಿದ್ರು ಸಾರ್" ಎಂದ.

"ಹಾಗಾದ್ರೆ ನಮ್ಮವರೇ ಫ್ರಿಜ್ಜಲ್ಲಿ ಇಟ್ಟು ಮರ್ತಿರ್ಬೇಕು" ಎಂದು ಡಾಕ್ಟರು ಸಿಡುಕುತ್ತಾ ಹೋದರು.

ಅವರು ಹೋದ ಮೇಲೆ ನನ್ನ ಗಂಡ ನನ್ನ ಕೈ ಬಿಡಲಿಲ್ಲ. "ಅಪ್ಪನಿಗೆ ಇದು ಗೊತ್ತಾಗ್ಬಾರ್ದು" ಎಂದ. "ನೀನು ಹೇಳ್ಬೇಡ. ನಾನು ಬದುಕಿರೋವರೆಗೂ ಹೇಳ್ಬೇಡ." ಬೆರಳು ಕಪ್ಪಾಗಿ ಮಲಗಿದವನ ಹತ್ತಿರ ಏನು ವಾದ ಮಾಡುವುದು? ಹೂಂ ಎಂದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಪ್ಪನಿಗೆ ಅವನು ಸಂಜೆ ತಾನೇ ಹೇಳಿದ, "ಲ್ಯಾಬಲ್ಲಿ ಏನೋ ಎಡವಟ್ಟು ಮಾಡಿದ್ರಂತೆ ಅಪ್ಪ."

ಮೂರು ಬೆರಳು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಔಷಧ ಶುರುವಾಯಿತು, ಸಲೈನಿನಂತೆ ಹನಿಹನಿಯಾಗಿ ಹೋಗುವ ಔಷಧ. ಅದೂ ಆಂಟಿಬಾಡಿಯೇ ಅಂತೆ, ಕಾರ್ಖಾನೆಯಲ್ಲಿ ಸೆಲ್ಲುಗಳನ್ನು ಸಾಕಿ ಅವುಗಳಿಂದ ಮಾಡಿಸಿದ್ದು, ಬಿ ಸೆಲ್ಲುಗಳಿಗೆ ಅಂಟಿಕೊಂಡು ಅವನ್ನು ಕೊಲ್ಲುವಂಥದ್ದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದರು. ಕಣ್ಣಿನ ಹಳದಿ ಇಳಿಯಿತು, ಏದುಸಿರು ನಿಂತಿತು. ಬೇಗ ಗೊತ್ತಾಗಿದ್ದರೆ ಇದಿಷ್ಟೇ ಔಷಧ, ಒಂದು ಜೊತೆ ಉಣ್ಣೆಯ ಕೈಗವಸು ಮತ್ತು ಬೇರೆ ಕೆಲಸ ಸಾಕಾಗುತ್ತಿತ್ತು ಎಂದು ಡಾಕ್ಟರು ಹೇಳಿದಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ.

ಮನೆಗೆ ಬಂದ ಮೇಲೆ ನನ್ನ ನಿಜವಾದ ಶಿಕ್ಷೆ ಶುರುವಾಯಿತು. ನೋಡಲು ಬಂದವರ ಮುಂದೆಲ್ಲ ಮಾವ ಒಂದೇ ಪಲ್ಲವಿ ಹಾಡಿದರು. "ನಾನು ಹೂವಿನ ಹಾಗೆ ಕೊಂಡೊಯ್ದು ಕೊಟ್ಟೆ. ಆ ಲ್ಯಾಬಿನ ಕತ್ತೆಗಳು ಕೆಡಿಸಿ ಇಟ್ವು. ತಣ್ಣಗೆ ಇಡೋಕೆ ಬರ್ದಿದ್ರೆ ನನ್ನ ಕೇಳ್ಬೇಕಿತ್ತು, ನಾನು ಹೇಳ್ಕೊಡ್ತಿದ್ದೆ." ಒಳಗೆ ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಾ, "ಹೌದಪ್ಪ, ಹೌದಪ್ಪ" ಎನ್ನುತ್ತಿದ್ದ. ಮಾತು ಅಲ್ಲಿಗೇ ನಿಂತಿದ್ದರೆ ನಾನು ನುಂಗಿಕೊಂಡು ಹೋಗುತ್ತಿದ್ದೆನೇನೋ. ಮಾವ ದೊಡ್ಡಾಸ್ಪತ್ರೆಗೆ ಹೋಗಿ ದೂರು ಕೊಟ್ಟು ಬಂದರು. ಅವತ್ತು ಲ್ಯಾಬಿನಲ್ಲಿ ತಮ್ಮ ಕೈಯಿಂದ ರಕ್ತದ ಪೆಟ್ಟಿಗೆ ತೆಗೆದುಕೊಂಡ ಹೆಂಗಸನ್ನು ಗುರುತು ಹಿಡಿದು ತೋರಿಸಿದ್ದರು. ಕನ್ನಡಕ ಹಾಕುವ, ಇನ್ನೂ ಕೆಲಸ ಕಾಯಂ ಆಗದ ಒಬ್ಬ ಹೆಂಗಸು. ಆಸ್ಪತ್ರೆಯ ಅಧಿಕಾರಿ ವಿಚಾರಣೆಗೆ ನಮ್ಮ ಮೂವರನ್ನೂ ಕರೆಸಿದರು. ತಪ್ಪು ಅವಳದೇ ಎಂದಾದರೆ ಅವಳು ಮನೆಗೆ ಹೋದಂತೆಯೇ.

"ಈಗಲಾದ್ರೂ ಬಾಯಿ ಬಿಡು" ಎಂದು ನಾನು ಗಂಡನಿಗೆ ಹೇಳಿದೆ. "ನಿಮ್ಮಪ್ಪನ ಮರ್ಯಾದೆಗೆ ಯಾರದೋ ಮನೆಯ ಒಲೆ ಆರ್ಬೇಕಾ?"

"ಅವಳೂ ತಣ್ಣಗೆ ಬಂದದ್ದನ್ನ ನೋಡಿ ವಾಪಸ್ ಕಳಿಸ್ಬೇಕಿತ್ತಲ್ಲ. ಅದು ಅವಳ ಕೆಲ್ಸ ತಾನೇ?"

"ಅರ್ಧ ತಪ್ಪಿಗೆ ಪೂರ್ತಿ ಶಿಕ್ಷೆಯಾ?"

ಅವನು ತನ್ನ ಕೈಯನ್ನು ನೋಡಿಕೊಂಡ. "ಕೆಲ್ಸ ಹೋದ್ರೆ ಇನ್ನೊಂದು ಸಿಗುತ್ತೆ ಕಣೇ. ಅಪ್ಪ ಹೋದ್ರೆ ಇನ್ನೊಬ್ಬ ಸಿಗಲ್ಲ. ಇದು ಗೊತ್ತಾದ್ರೆ ಅವರು ಉಳಿಯಲ್ಲ."

ಆದರೆ ಒಂದು ಮಾತ್ರ ಗಟ್ಟಿ ಮಾಡಿಕೊಂಡೆ. ಅಧಿಕಾರಿಯ ಮುಂದೆ ಆ ಹೆಂಗಸಿನ ಕುತ್ತಿಗೆಗೆ ಬಂದರೆ ನಾನೇ ಹೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ಗಾದೆಯೇನಲ್ಲ. ಒದೆಯಲಿ. ಇಷ್ಟು ವರ್ಷ ನನ್ನ ಅಡುಗೆಯಿಂದ ಹಿಡಿದು ಲೋಕದ ಎಲ್ಲದಕ್ಕೂ ತಪ್ಪು ಹುಡುಕಿದ ಮನುಷ್ಯ, ಒಂದು ಸಲವಾದರೂ ತನ್ನ ತಪ್ಪಿನ ಮುಖ ನೋಡಲಿ ಎಂಬ ಆಸೆಯೂ ಒಳಗೆ ಎಲ್ಲೋ ಇತ್ತು. ಸುಳ್ಳು ಯಾಕೆ ಹೇಳಲಿ.

ಅಧಿಕಾರಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಗಾಜು, ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರಿನ ಚಿತ್ರ. ಒಂದು ಬದಿಗೆ ನಾವು ಮೂವರು, ಎದುರಿಗೆ ಕನ್ನಡಕದ ಹೆಂಗಸು, ಪಕ್ಕದಲ್ಲಿ ರಕ್ತದ ಡಾಕ್ಟರು. ಮಾವ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಇಸ್ತ್ರಿ ಹಾಕಿಕೊಟ್ಟವಳೂ ನಾನೇ.

ಅಧಿಕಾರಿ ಆ ಹೆಂಗಸನ್ನು ಕೇಳಿದರು, "ಆ ದಿನ ಈ ರಕ್ತ ನಿಮ್ಮ ಕೈಗೆ ಬಂದಾಗ ಹೇಗಿತ್ತು?"

ಅವಳು ಕನ್ನಡಕ ಸರಿ ಮಾಡಿಕೊಂಡಳು. ತಣ್ಣಗೆ ಬಂದದ್ದನ್ನು ತೆಗೆದುಕೊಂಡೆ ಎಂದರೆ ಅದೇ ಅವಳ ತಪ್ಪಾಗುತ್ತಿತ್ತು. ಹೆದರಿದ ಮನುಷ್ಯರು ಹತ್ತಿರದ ಬಾಗಿಲನ್ನೇ ದಬ್ಬುತ್ತಾರೆ.

"ಬೆಚ್ಚಗೇ ಇತ್ತು ಸಾರ್" ಎಂದಳು. "ನಿಯಮದ ಪ್ರಕಾರವೇ ಬಂದಿತ್ತು. ನಾನು ಹಾಗೇ ಒಳಗೆ ಕಳಿಸ್ದೆ."

ಡಾಕ್ಟರು ತಲೆಯಾಡಿಸಿದರು. "ಹಾಗಾದ್ರೆ ಒಳಗೆ ಎಲ್ಲೋ..." ಎಂದು ಅವರು ಶುರು ಮಾಡುವಷ್ಟರಲ್ಲಿ ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಏನಂದ್ರಿ? ಬೆಚ್ಚಗಾ?" ಕಳ್ಳ ಎಂದು ಕರೆದಿದ್ದರೂ ಅವರು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. "ನನ್ನ ಕೈಯಿಂದ ಬೆಚ್ಚಗೆ ಬಂತಾ? ಸುಳ್ಳಿಗೂ ಒಂದು ಮಿತಿ ಬೇಡ್ವಾ ತಾಯಿ?"

"ಅಪ್ಪಾ, ಸಾಕು. ಕೂತ್ಕೋ" ಎಂದ ನನ್ನ ಗಂಡ. ಅವನ ಮುಖ ಬಿಳುಚಿಕೊಂಡಿತ್ತು.

"ನೀನು ಸುಮ್ನಿರೋ. ಸಾರ್, ಕೇಳಿ. ಆ ರಕ್ತನ ಪ್ಯಾಕ್ ಮಾಡಿದ್ದು ನಾನು. ಈ ಕೈಯಿಂದ. ಪುಡಿ ಮಾಡಿದ ಮಂಜುಗಡ್ಡೆ, ಅದರೊಳಗೆ ರಬ್ಬರು, ಅದರೊಳಗೆ ಹತ್ತಿ. ಇಲ್ಲಿ ಮುಚ್ಚಳ ತೆಗೆದಾಗ ಗಡ್ಡೆ ಅರ್ಧ ಕೂಡ ಕರಗಿರ್ಲಿಲ್ಲ. ಬೆರಳಿಟ್ರೆ ಜುಮ್ ಅಂತಿತ್ತು. ನನ್ನ ಜೀವಮಾನದಲ್ಲಿ ನನ್ನ ಕೈಯಿಂದ ಒಂದು ಮೀನು ಬೆಚ್ಚಗೆ ಹೋಗಿಲ್ಲ, ನನ್ನ ಮಗನ ರಕ್ತ ಹೋಗುತ್ತಾ? ಈಯಮ್ಮನೇ ಅವತ್ತು ಏನಂದ್ರು ಗೊತ್ತಾ? ತಾತ, ಇಷ್ಟು ಚೆನ್ನಾಗಿ ಯಾರೂ ತರಲ್ಲ, ಜೇಬಲ್ಲಿ ಹಾಕ್ಕೊಂಡು ಬರ್ತಾರೆ, ಅಂದ್ರು. ಹೇಳಿ ತಾಯಿ, ಅಂದ್ರೋ ಇಲ್ವೋ?"

ಹೆಂಗಸು ತಲೆ ತಗ್ಗಿಸಿದಳು. "ಅಂದಿದ್ದೆ" ಎಂದಳು. ಅವಳಿಗೆ ಅಳು ಬಂದುಬಿಟ್ಟಿತು.

"ಕೇಳಿದ್ರಾ!" ಎಂದು ಮಾವ ಗೆದ್ದವರಂತೆ ಎಲ್ಲರ ಮುಖ ನೋಡಿದರು. ಒಬ್ಬರೂ ಅವರನ್ನು ನೋಡಲಿಲ್ಲ. ಡಾಕ್ಟರು ಮೇಜಿನ ಗಾಜನ್ನು ನೋಡುತ್ತಿದ್ದರು. ನನ್ನ ಗಂಡ ಕಣ್ಣು ಮುಚ್ಚಿಕೊಂಡಿದ್ದ. ನಾನು ಹೇಳಬೇಕೆಂದು ಎದೆಯಲ್ಲಿ ಕಟ್ಟಿಕೊಂಡು ಹೋಗಿದ್ದನ್ನೆಲ್ಲ ಅವರು ನನ್ನ ಬಾಯಿಂದ ಕಿತ್ತುಕೊಂಡು, ಹೆಮ್ಮೆಯಿಂದ, ತಾವೇ ಹೇಳಿಬಿಟ್ಟಿದ್ದರು.

ಡಾಕ್ಟರು ಎದ್ದು ಬಂದು ಅವರನ್ನು ಹೆಗಲು ಹಿಡಿದು ಕೂರಿಸಿದರು. ನನಗೆ ಹೇಳಿದ್ದನ್ನೇ ಹೇಳಿದರು, ಕಳ್ಳ ಪೊಲೀಸರ ತಮಾಷೆಯೊಂದನ್ನು ಬಿಟ್ಟು. ಈ ಒಂದು ಕಾಯಿಲೆಯ ರಕ್ತಕ್ಕೆ ತಣ್ಣಗೆ ಇಡುವುದೇ ಕೆಡಿಸುವುದು ಎಂದರು. ಕ್ಲಿನಿಕ್ಕಿನವರು ಹೇಳಬೇಕಿತ್ತು, ಲ್ಯಾಬಿನವರು ವಾಪಸ್ ಕಳಿಸಬೇಕಿತ್ತು, ನಿಮಗೆ ಹೇಗೆ ಗೊತ್ತಾಗಬೇಕು ಹೇಳಿ ಎಂದು ಮೂರು ನಾಲ್ಕು ಸಲ ಹೇಳಿದರು. ಮಾವ ಪಾಠ ಕೇಳುವ ಮಗುವಿನ ಹಾಗೆ ಅವರ ಬಾಯನ್ನೇ ನೋಡುತ್ತಾ ಕೂತಿದ್ದರು.

"ಹಾಗಾದ್ರೆ" ಎಂದರು ಕೊನೆಗೆ, "ನಾನು ಮಂಜು ಹಾಕ್ದೇ ಇದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು."

ಡಾಕ್ಟರು ಅವರ ಹೆಗಲ ಮೇಲಿಂದ ಕೈ ತೆಗೆದರು.

"ಅವತ್ತೇ ಗೊತ್ತಾಗಿದ್ರೆ ನಾನು ಇವನನ್ನ ಒಳಗೆ ಕಳಿಸ್ತಿರ್ಲಿಲ್ಲ." ಅವರು ನಿಧಾನವಾಗಿ ಮಗನ ಕಡೆ ತಿರುಗಿದರು. "ನಿನಗೆ ಇದು ಗೊತ್ತಿತ್ತಾ?"

"ಇಲ್ಲಪ್ಪ" ಎಂದ ನನ್ನ ಗಂಡ. "ಈಗ್ಲೇ ಕೇಳ್ತಿರೋದು."

ಅಪ್ಪನ ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಅವನ ಕಿವಿ ಕೆಂಪಾದದ್ದು ಅಷ್ಟು ದೂರದಿಂದ ಅಧಿಕಾರಿಗೂ ಕಂಡಿರಬೇಕು. ಮಾವ ಅವನನ್ನು ಬಿಟ್ಟು ನನ್ನ ಕಡೆ ನೋಡಿದರು.

"ನೀನು ಹೇಳಮ್ಮ" ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಅಮ್ಮ ಎಂದು ಕರೆದದ್ದು ನೆನಪಿಲ್ಲ. "ನೀನು ನನ್ನ ಮುಖ ನೋಡಿ ಯಾವತ್ತೂ ಸುಳ್ಳು ಹೇಳ್ದೋಳಲ್ಲ. ಇವನಿಗೆ ಗೊತ್ತಿತ್ತಾ?"

ಗಂಡ ನನ್ನನ್ನು ನೋಡಿದ. ಆ ಕಣ್ಣುಗಳು ಏನು ಬೇಡುತ್ತಿದ್ದವು ಎಂಬುದು ನನಗೆ ಅರ್ಥವಾಗದೆ ಇರಲಿಲ್ಲ. ಇಲ್ಲ ಎನ್ನಬಹುದಿತ್ತು. ಮುದುಕ ನಂಬದಿದ್ದರೂ ನಂಬಿದ ಹಾಗೆ ಮಾಡಿ ಎದ್ದು ಬರುತ್ತಿದ್ದ. ಆದರೆ ನಿಜಕ್ಕಾಗಿ ನನ್ನನ್ನು ಹುಡುಕಿಕೊಂಡು ಬಂದ ಮನುಷ್ಯನಿಗೆ, ಅದೂ ಬದುಕಿನಲ್ಲಿ ಮೊದಲ ಸಲ ನನ್ನ ಮಾತನ್ನು ಬೇಕೆಂದು ಕೇಳಿದವನಿಗೆ, ಸುಳ್ಳು ಕೊಡಲು ನನ್ನ ನಾಲಿಗೆ ಏಳಲಿಲ್ಲ.

"ಗೊತ್ತಿತ್ತು ಮಾವ" ಎಂದೆ. "ಮೊದಲಿಂದ ಗೊತ್ತಿತ್ತು. ನಿಮಗೆ ಹೇಳ್ಬಾರ್ದು ಅಂತ ನನ್ನ ಹತ್ರ ಮಾತು ತಗೊಂಡಿದ್ದ."

ಅವರು ಹೂಂ ಎಂದರು. ಅಷ್ಟು ದಿನ ತಾವು ಬಂದವರ ಮುಂದೆಲ್ಲ ಆಡಿದ ಮಾತು, ಮಗ ಅದಕ್ಕೆಲ್ಲ ಹೌದಪ್ಪ ಎಂದದ್ದು, ಎಲ್ಲವೂ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋದದ್ದನ್ನು ನಾನು ನೋಡಿದೆ. ಅವರ ಬಾಯಿ ಮುಚ್ಚಿಸಬೇಕೆಂಬ ನನ್ನ ಎಷ್ಟೋ ವರ್ಷಗಳ ಆಸೆ ಅಲ್ಲಿ ತೀರಿತು. ಸಂತೋಷ ಎಳ್ಳಷ್ಟೂ ಆಗಲಿಲ್ಲ.

ದೂರು ಅಲ್ಲಿಗೆ ಮುಗಿಯಿತು. ಕನ್ನಡಕದ ಹೆಂಗಸಿಗೆ ಎಚ್ಚರಿಕೆ ಕೊಟ್ಟು ಬೇರೆ ವಿಭಾಗಕ್ಕೆ ಹಾಕಿದರು. ಅವಳ ಕೆಲಸ ಉಳಿಯಿತು. ಬಾಗಿಲ ಬಳಿ ನಾನು ಅವಳನ್ನು ನೋಡಿ ನಗಲು ಹೋದೆ. ಅವಳು ಮುಖ ತಿರುಗಿಸಿಕೊಂಡು ಹೋದಳು. ಹೋಗಲಿ, ಅವಳ ಲೆಕ್ಕದಲ್ಲಿ ನಾನೂ ದೂರು ಕೊಟ್ಟ ಮನೆಯವಳೇ.

ಬಸ್ಸಿನಲ್ಲಿ ಅಪ್ಪ ಮಗ ಒಂದೇ ಸೀಟಿನಲ್ಲಿ ಕೂತರು. ನಾನು ಹಿಂದೆ ನಿಂತಿದ್ದೆ. ಮಾವ ಮಗನ ಬಲಗೈಯನ್ನು ಮುಟ್ಟಲು ಕೈ ಮುಂದೆ ಮಾಡಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ನನ್ನ ಗಂಡನೇ ಆ ಕೈಯನ್ನು ಎತ್ತಿ ಅಪ್ಪನ ತೊಡೆಯ ಮೇಲೆ ಇಟ್ಟ. ದಾರಿಯುದ್ದಕ್ಕೂ ಅದು ಅಲ್ಲೇ ಇತ್ತು. ಇಬ್ಬರೂ ಒಮ್ಮೆಯೂ ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ.

ರಾತ್ರಿ ಗಂಡ ನನ್ನೊಡನೆ ಆಡಿದ್ದು ಒಂದೇ ಮಾತು. "ಇಲ್ಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಮಾವ ಮೇಸ್ತ್ರಿ ಕೆಲಸ ಬಿಟ್ಟರು. ಫ್ರಿಜ್ಜಿನ ಹತ್ತಿರವೂ ಸುಳಿಯುವುದಿಲ್ಲ. ನಾನು ಅಡುಗೆ ಮಾಡಿ ಎಷ್ಟು ಹೊತ್ತು ಹಾಗೇ ಬಿಟ್ಟರೂ ಕೇಳುವವರಿಲ್ಲ. ಮಗ ಎಡಗೈಯಲ್ಲಿ ತುತ್ತು ಕಲಸುವುದನ್ನು ಅವರಿಂದ ನೋಡಲಾಗುವುದಿಲ್ಲ, ತಟ್ಟೆ ತೆಗೆದುಕೊಂಡು ಹೊರಗಿನ ಮೆಟ್ಟಿಲಿಗೆ ಹೋಗುತ್ತಾರೆ. ಅಪ್ಪ ಹೊರಗೆ ಒಬ್ಬರೇ ತಿನ್ನುವುದನ್ನು ಮಗನಿಂದ ನೋಡಲಾಗುವುದಿಲ್ಲ, ಅವನು ಗೋಡೆಗೆ ಮುಖ ಮಾಡಿ ಕೂರುತ್ತಾನೆ. ನಾನು ಎರಡು ಕಡೆಯೂ ಬಡಿಸುತ್ತೇನೆ. ಇನ್ನೂ ಸ್ವಲ್ಪ ಹಾಕಲಾ ಎಂದು ಕೇಳಿದರೆ ಇಬ್ಬರೂ ಬೇಡ ಎನ್ನುತ್ತಾರೆ.